ಜುಟ್ಟು ನೋಡಿ, ಆದರೆ ಬೆನ್ನಿನ ಗರಿ ಬರುವವರೆಗೆ ಕಾಯಿರಿ

ಪ್ರಶ್ನೆ: ಸಂತೆಯಲ್ಲಿ ಗಿರಿರಾಜ ತಳಿ ಎಂದು ಹೇಳಿ ಕೊಟ್ಟ ಹದಿನಾಲ್ಕು ಕೋಳಿಮರಿಗಳನ್ನು ಸಾಕುತ್ತಿದ್ದೇನೆ. ಈಗ ಏಳು ವಾರ ತುಂಬಿದೆ. ಒಂದೊಂದರದು ಒಂದೊಂದು ಬಣ್ಣ. ಒಂದರ ಕತ್ತು ಬೋಳು, ಎರಡು ಪೂರ್ತಿ ಕಪ್ಪು. ಕಪ್ಪಿನವು ಕಡಕ್‌ನಾಥ್ ತಳಿಯವು ಇರಬಹುದೇ? ಹೇಂಟೆಗಳನ್ನು ಮೊಟ್ಟೆಗೆ ಉಳಿಸಿಕೊಂಡು ಹುಂಜಗಳನ್ನು ಮಾರಬೇಕೆಂದಿದ್ದೇನೆ. ಗುರುತಿಸುವುದು ಹೇಗೆ?
– ಓದುಗರೊಬ್ಬರು, ತುರುವೇಕೆರೆ

ಉತ್ತರ: ದಯವಿಟ್ಟು ಈಗಲೇ ಮಾರಬೇಡಿ. ಆತುರದಲ್ಲಿ ಹೇಂಟೆಯನ್ನೇ ಹುಂಜವೆಂದು ಮಾರಿ ಪರಿತಪಿಸಿದವರನ್ನು ಬಹಳ ಕಂಡಿದ್ದೇನೆ.

ಈ ವಯಸ್ಸಿನಲ್ಲಿ ಹುಂಜದ ಜುಟ್ಟು ದೊಡ್ಡದಾಗಿ ಕೆಂಪೇರಿರುತ್ತದೆ, ಗಲ್ಲದಡಿಯ ಜೋಲು ಕಾಣತೊಡಗುತ್ತದೆ, ಕಾಲು ದಪ್ಪಗಿರುತ್ತದೆ. ಹೇಂಟೆಯ ಜುಟ್ಟು ಚಿಕ್ಕದು, ಬಣ್ಣ ಮಾಸಲು. ಆದರೆ ಈ ಹೋಲಿಕೆ ಒಂದೇ ಬಗೆಯ ಮರಿಗಳ ನಡುವೆ ಮಾತ್ರ ಸರಿ. ಕಾಳಗದ ಕೋಳಿಯೆಂದು ಹೆಸರಾದ ಅಸೀಲ್ ತಳಿಯ ರಕ್ತವಿರುವ ಹುಂಜದ ಜುಟ್ಟು ಅವರೆಕಾಳಿನಂತೆ ಗಿಡ್ಡವಾಗಿ ತಲೆಗೆ ಅಂಟಿಕೊಂಡಿರುತ್ತದೆ; ಅದನ್ನು ಹೇಂಟೆ ಎಂದುಕೊಳ್ಳುವುದು ಸುಲಭ. ನಿಮ್ಮ ಗುಂಪು ಕಲಬೆರಕೆಯಾಗಿರುವಂತೆ ತೋರುವುದರಿಂದ ಜುಟ್ಟೊಂದನ್ನೇ ನಂಬಬೇಡಿ.

ನಂಬಬೇಕಾದದ್ದು ಬೆನ್ನಿನ ಗರಿಯನ್ನು. ಸುಮಾರು ಹತ್ತರಿಂದ ಹನ್ನೆರಡು ವಾರಕ್ಕೆ ಬಾಲದ ಬುಡದ ಮುಂದೆ, ಬೆನ್ನಿನ ಇಕ್ಕೆಲಗಳಲ್ಲಿ ಹುಂಜಕ್ಕೆ ಕಿರಿದಾದ, ತುದಿ ಚೂಪಾದ, ಹೊಳೆಯುವ ಗರಿಗಳು ಮೂಡುತ್ತವೆ. ಹೇಂಟೆಯ ಗರಿಯ ತುದಿ ದುಂಡಗೆ. ಮರಿಯನ್ನು ಕೈಯಲ್ಲಿ ಹಿಡಿದು, ಬಿಸಿಲಿನಲ್ಲಿ ಗರಿಯನ್ನು ಮೆಲ್ಲಗೆ ಬಿಡಿಸಿ ನೋಡಿ. ಅನುಮಾನವಿರುವ ಮರಿಯ ಕಾಲಿಗೆ ಬಣ್ಣದ ದಾರವನ್ನು ಸಡಿಲವಾಗಿ ಕಟ್ಟಿ, ವಾರವಾರವೂ ನೋಡುತ್ತಿರಿ. ಕಾಲು ಬೆಳೆದಂತೆ ದಾರವನ್ನು ಬದಲಿಸುವುದನ್ನು ಮರೆಯಬೇಡಿ.

ಒಂದು ದಿನದ ಮರಿಯ ಗುದದ್ವಾರ ನೋಡಿ ಲಿಂಗ ಹೇಳುವ ವಿಧಾನ ಜಪಾನಿನಲ್ಲಿ ಬೆಳೆದದ್ದು. ಅದಕ್ಕೆ ಬಹುಕಾಲದ ಅಭ್ಯಾಸ ಬೇಕು. ಮನೆಯಲ್ಲಿ ಪ್ರಯತ್ನಿಸಿದರೆ ಮರಿಗೆ ಪೆಟ್ಟಾಗುತ್ತದೆ. ರೆಕ್ಕೆಯ ಗರಿ ನೋಡಿ ಹೇಳುವ ವಿಧಾನ, ಅದಕ್ಕೆಂದೇ ಆಯ್ದ ತಂದೆ–ತಾಯಿಯ ಮರಿಗಳಿಗಷ್ಟೇ ಹೊಂದುತ್ತದೆ. ಚೂಪು ಮೊಟ್ಟೆಯಿಂದ ಹುಂಜ ಹುಟ್ಟುತ್ತದೆಂಬ ಮಾತಿಗೆ ಆಧಾರವಿಲ್ಲ.

ಇನ್ನು ತಳಿ. ಗಿರಿರಾಜ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಬಹುವರ್ಣದ ಕೋಳಿ. ಹಾಗಾಗಿ ಬಣ್ಣ ಬೇರೆಬೇರೆ ಇದ್ದ ಮಾತ್ರಕ್ಕೆ ಮೋಸವಾಯಿತು ಎನ್ನಲಾಗದು, ಬಣ್ಣ ನೋಡಿ ಗಿರಿರಾಜವೆಂದು ಖಚಿತಪಡಿಸಲೂ ಆಗದು. ಬೋಳು ಕತ್ತು ಒಂದು ವಂಶವಾಹಿಯ ಗುಣ. ಕತ್ತಿನ ಮುಂಭಾಗದಲ್ಲಿ ಗರಿಯ ಗೊಂಚಲು ಉಳಿದಿದ್ದರೆ, ಆ ಗುಣ ತಂದೆ–ತಾಯಿಯರಲ್ಲಿ ಒಬ್ಬರಿಂದ ಮಾತ್ರ ಬಂದಿರುತ್ತದೆ. ಕಪ್ಪು ಮರಿಗಳ ಬಾಯಿ ತೆರೆದು ನೋಡಿ. ಮಧ್ಯಪ್ರದೇಶದ ಝಾಬುವಾ ಮೂಲದ ಕಡಕ್‌ನಾಥ್‌ಗೆ ನಾಲಿಗೆ, ಚರ್ಮ, ಕಾಲುಗಳೆಲ್ಲ ಕಪ್ಪು ಛಾಯೆಯವೇ. ನಾಲಿಗೆ ಕೆಂಪು, ಕಾಲು ಹಳದಿ ಇದ್ದರೆ ಅವು ಬರೀ ಕಪ್ಪು ಗರಿಯ ಕೋಳಿಗಳು. ಕಡಕ್‌ನಾಥ್ ಬೆಲೆಗೆ ಮಾರಲು ಹೋಗಬೇಡಿ.

ಹೇಂಟೆಗಳು ಇಡುವ ಮೊಟ್ಟೆಯನ್ನು ತಿನ್ನಲು, ಮಾರಲು ಬಳಸಿ. ಜೊತೆಗೆ ಹುಂಜವಿದ್ದರೆ ಮಾತ್ರ ಆ ಮೊಟ್ಟೆ ಕಾವಿಗಿಟ್ಟಾಗ ಮರಿಯಾಗುತ್ತದೆ, ಆದರೆ ಗಿರಿರಾಜದ ಬೆಳವಣಿಗೆ ಅದರಲ್ಲಿ ಹಾಗೆಯೇ ಉಳಿಯುವುದಿಲ್ಲ. ಮುಂದಿನ ಸಲ ಮರಿಗಳನ್ನು ಪಶುವೈದ್ಯಕೀಯ ಕಾಲೇಜಿನಿಂದಲೋ ಸರ್ಕಾರಿ ಕೋಳಿ ಸಾಕಣೆ ಕೇಂದ್ರದಿಂದಲೋ ಕೇಳಿ ತನ್ನಿ.