ಸಿಡಿ, ಡಿವಿಡಿಗೆ 777 ಹೊಡೆದರೆ ಏನೂ ಆಗುವುದಿಲ್ಲ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಮೈಸೂರು, ಮಂಡ್ಯ ಕಡೆಯಿಂದ ಬರುವ ಲಿನಕ್ಸ್ ಪ್ರಶ್ನೆಗಳಲ್ಲಿ ಹಳೇ ಬ್ಯಾಕಪ್ ಡಿಸ್ಕ್‌ಗಳ ಗೋಳು ಮುಗಿಯುವುದೇ ಇಲ್ಲ. ಮೌಂಟ್ ಅಂದರೆ ಡಿಸ್ಕನ್ನು ಒಂದು ಫೋಲ್ಡರ್‌ಗೆ ಜೋಡಿಸುವುದು, ರೂಟ್ ಅಂದರೆ ಎಲ್ಲ ಅಧಿಕಾರವಿರುವ ಲಾಗಿನ್, ಸುಡೊ ಅಂದರೆ ಆ ಅಧಿಕಾರದಲ್ಲಿ ಕಮಾಂಡ್ ಓಡಿಸುವುದು, 777 ಅಂದರೆ ಎಲ್ಲರಿಗೂ ಎಲ್ಲ ಅನುಮತಿ; ಇದಕ್ಕಿಂತ ಹೆಚ್ಚು ಇಲ್ಲಿ ಹೇಳುತ್ತ ಕೂರುವುದಿಲ್ಲ. ಕಮಾಂಡ್‌ಗಳನ್ನು ಕನ್ನಡದಲ್ಲಿ ಬರೆದಿದೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಒತ್ತಿ.

ಮಂಡ್ಯದಲ್ಲಿ ನಮ್ಮದೊಂದು ಸಣ್ಣ ಲೆಕ್ಕಪತ್ರದ ಆಫೀಸು. ಮೊದಲು ಕೆಲಸಕ್ಕಿದ್ದ ಹುಡುಗ ಲಿನಕ್ಸ್‌ನಲ್ಲೇ ಡಿವಿಡಿಗಳಿಗೆ ಬ್ಯಾಕಪ್ ಹಾಕಿಟ್ಟಿದ್ದ. ಈಗ ನನ್ನ ಉಬುಂಟು ಮೆಷಿನ್‌ನಲ್ಲಿ ಸುಡೊ ಹಾಕಿ /ಎಂಎನ್‌ಟಿ ಮೇಲೆ ಮೌಂಟ್ ಮಾಡಿದರೆ ಅರ್ಧ ಫೋಲ್ಡರ್‌ಗಳು 'ಪರ್ಮಿಷನ್ ಡಿನೈಡ್' ಅನ್ನುತ್ತವೆ. ಸರ್ವಿಸ್‌ನವರು ಸಿಎಚ್‌ಮಾಡ್ 777 ಹೊಡೆಯಿರಿ ಅಂದರು, 'ರೀಡ್-ಓನ್ಲಿ ಫೈಲ್ ಸಿಸ್ಟಮ್' ಅಂತ ಬಂತು. ರೈಟ್ ಮೋಡ್‌ನಲ್ಲಿ ರೀಮೌಂಟ್ ಮಾಡಿ ಅಂದರು, ಅದೂ ಆಗಲಿಲ್ಲ. ಈಗ ಡ್ರೈವೇ ಹೋಗಿದೆ, ಬದಲಿಸಿ ಅನ್ನುತ್ತಿದ್ದಾರೆ. ಬದಲಿಸಲೇ ಸಾರ್?

ಬದಲಿಸಬೇಡಿ. ಡ್ರೈವ್ ಹೋಗಿದ್ದರೆ ಫೋಲ್ಡರ್‌ಗಳ ಹೆಸರೂ ಕಾಣುತ್ತಿರಲಿಲ್ಲ. ಬದಲಿಸಬೇಕಾಗಿರುವುದು ಸರ್ವಿಸ್‌ನವರನ್ನು.

ನಿಮಗೆ ಬಂದಿರುವ ಎರಡು ಎರರ್‌ಗಳನ್ನು ಒಂದೇ ಅಂದುಕೊಂಡಿದ್ದೀರಿ. 'ಪರ್ಮಿಷನ್ ಡಿನೈಡ್' ಅಂದರೆ ಫೈಲ್ ಇದೆ, ಆದರೆ ಅದರ ಮೇಲೆ ಬರೆದಿರುವ ಅನುಮತಿ ನಿಮ್ಮ ಲಾಗಿನ್‌ಗೆ ಹೊಂದುತ್ತಿಲ್ಲ. 'ರೀಡ್-ಓನ್ಲಿ ಫೈಲ್ ಸಿಸ್ಟಮ್' ಅಂದರೆ ಇಲ್ಲಿ ಏನನ್ನೂ ಬದಲಿಸಲು ಬರುವುದಿಲ್ಲ, ರೂಟ್‌ಗೂ ಬರುವುದಿಲ್ಲ. ಅನುಮತಿ ಬದಲಿಸುವ ಸಿಎಚ್‌ಮಾಡ್, ಮಾಲೀಕನನ್ನು ಬದಲಿಸುವ ಸಿಎಚ್‌ಓನ್ ಎರಡೂ ಡಿಸ್ಕ್ ಮೇಲೆ ಬರೆಯುವ ಕೆಲಸಗಳೇ. ಐಎಸ್‌ಓ 9660 (ಸಿಡಿ, ಡಿವಿಡಿಗಳ ಫೈಲ್ ಸಿಸ್ಟಮ್) ಡಿಸ್ಕನ್ನು ಲಿನಕ್ಸ್ ಓದಲು ಮಾತ್ರ ಮೌಂಟ್ ಮಾಡುತ್ತದೆ, ಸುಡೊ ಎಷ್ಟು ಸಲ ಹಾಕಿದರೂ ಅಷ್ಟೇ. ಮೌಂಟ್ ಮಾಡುವ ಮೊದಲೇ /ಎಂಎನ್‌ಟಿ ಫೋಲ್ಡರ್‌ಗೆ ಸಿಎಚ್‌ಓನ್ ಮಾಡಿಟ್ಟುಕೊಳ್ಳಿ ಎಂದು ಸಲಹೆ ಕೊಡುವವರೂ ಇದ್ದಾರೆ. ಮೌಂಟ್ ಆದ ಕ್ಷಣ ಆ ಫೋಲ್ಡರ್ ಮುಚ್ಚಿಹೋಗಿ ಡಿಸ್ಕಿನ ಸ್ವಂತ ಮೂಲ ಫೋಲ್ಡರ್ ಅಲ್ಲಿ ಕೂರುತ್ತದೆ. ನೀವು ಕೊಟ್ಟ ಮಾಲೀಕತ್ವ ಅದರ ಅಡಿಯಲ್ಲಿ ಸುಮ್ಮನೆ ಬಿದ್ದಿರುತ್ತದೆ.

ಅನುಮತಿ ತೀರ್ಮಾನವಾಗುವುದು ಎರಡೇ ಹೊತ್ತಿನಲ್ಲಿ: ಡಿಸ್ಕ್ ಬರೆಯುವಾಗ, ಮತ್ತು ಮೌಂಟ್ ಮಾಡುವಾಗ. ಮೂಲ ಐಎಸ್‌ಓ 9660ರಲ್ಲಿ ಯುನಿಕ್ಸ್ ಮಾಲೀಕ, ಗುಂಪು, ಅನುಮತಿ ಇವುಗಳಿಗೆ ಜಾಗವೇ ಇಲ್ಲ. ಅದಕ್ಕೆಂದೇ ರಾಕ್ ರಿಡ್ಜ್ ಎಂಬ ವಿಸ್ತರಣೆ ಬಂತು, ಇವನ್ನೆಲ್ಲ ಅದು ಪ್ರತಿ ಫೈಲಿನ ಜೊತೆ ಬರೆದಿಡುತ್ತದೆ. ವಿಂಡೋಸ್ ಕಡೆಯ ಜೋಲಿಯೆಟ್ ಉದ್ದನೆಯ ಹೆಸರುಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ನಿಮ್ಮ ಹುಡುಗ ರಾಕ್ ರಿಡ್ಜ್ ಸಮೇತ ಬರೆದಿದ್ದಾನೆ. ಅವನ ಮೆಷಿನ್‌ನಲ್ಲಿ 0700 (ಮಾಲೀಕನಿಗೆ ಮಾತ್ರ ಪ್ರವೇಶ) ಇದ್ದ ಫೋಲ್ಡರ್ ಡಿಸ್ಕಿನಲ್ಲೂ 0700. ಮಾಲೀಕನ ಹೆಸರು ಡಿಸ್ಕಿನಲ್ಲಿ ಇರುವುದಿಲ್ಲ, ಯುಐಡಿ ಎಂಬ ಅವನ ಲಾಗಿನ್‌ನ ಗುರುತು ಸಂಖ್ಯೆ ಮಾತ್ರ ಇರುತ್ತದೆ. ಅವನದು 1003, ನಿಮ್ಮದು 1000 ಆದರೆ ಬಾಗಿಲು ಹಾಕಿದ್ದೇ.

ಊಹೆ ಬೇಡ, ನೋಡಿಯೇ ಬಿಡಿ. ಎಲ್‌ಎಸ್ -ಎಲ್‌ಎನ್ ಕೊಟ್ಟರೆ ಹೆಸರಿನ ಬದಲು ಸಂಖ್ಯೆ ತೋರಿಸುತ್ತದೆ. ಕರ್ನಲ್‌ನ (ಲಿನಕ್ಸ್‌ನ ತಿರುಳು) ಸಂದೇಶ ತೋರಿಸುವ ಡಿಎಂಇಎಸ್‌ಜಿ ಕಮಾಂಡಿನ ಕೊನೆಯ ಸಾಲುಗಳಲ್ಲಿ 'ಆರ್‌ಆರ್‌ಐಪಿ_1991ಎ' ಎಂದಿದ್ದರೆ ರಾಕ್ ರಿಡ್ಜ್, 'ಮೈಕ್ರೋಸಾಫ್ಟ್ ಜೋಲಿಯೆಟ್' ಎಂದಿದ್ದರೆ ಜೋಲಿಯೆಟ್. ಫೈಂಡ್‌ಎಂಎನ್‌ಟಿ /ಡೆವ್/ಎಸ್‌ಆರ್0 ಎಂದು ಕೊಟ್ಟರೆ ಯಾವ ಫೈಲ್ ಸಿಸ್ಟಮ್, ಯಾವ ಆಪ್ಷನ್‌ಗಳೊಂದಿಗೆ ಮೌಂಟ್ ಆಗಿದೆ ಎಂಬುದೂ ಸಿಗುತ್ತದೆ.

ಇನ್ನು ಪರಿಹಾರ. ಮೊದಲು ಯುಮೌಂಟ್ ಮಾಡಿ, ಅಂದರೆ ಮೌಂಟ್ ಬಿಡಿಸಿ. ಮೌಂಟ್ ಆಗಿರುವುದನ್ನೇ ರೀಮೌಂಟ್ ಮಾಡಿ ಯುಐಡಿ ಬದಲಿಸಲು ಹೋಗಬೇಡಿ. ಐಎಸ್‌ಓ ಡ್ರೈವರ್ ರೀಮೌಂಟ್‌ನಲ್ಲಿ ಆ ಆಪ್ಷನ್‌ಗಳನ್ನು ಮೂಸಿಯೂ ನೋಡುವುದಿಲ್ಲ, ಎರರ್ ಬರಲಿಲ್ಲವೆಂದು ನೀವು ಖುಷಿಪಡುತ್ತೀರಿ ಅಷ್ಟೇ. ಐಡಿ -ಯು ಒತ್ತಿ ನಿಮ್ಮ ಸಂಖ್ಯೆ ನೋಡಿಕೊಂಡು ಹೊಸದಾಗಿ ಹೀಗೆ ಮೌಂಟ್ ಮಾಡಿ:

ಸುಡೊ ಮೌಂಟ್ -ಟಿ ಐಎಸ್‌ಓ9660 -ಓ ಆರ್‌ಓ,ನೋಸುಯಿಡ್,ನೋಡೆವ್,ಯುಐಡಿ=1000,ಜಿಐಡಿ=1000,ಓವರ್‌ರೈಡ್‌ರಾಕ್‌ಪರ್ಮ್,ಮೋಡ್=0444,ಡಿಮೋಡ್=0555 /ಡೆವ್/ಎಸ್‌ಆರ್0 /ಎಂಎನ್‌ಟಿ

ಇದರಿಂದ ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ, ಕರ್ನಲ್ ಹಾಕಿಕೊಳ್ಳುವ ಕನ್ನಡಕ ಬದಲಾಗುತ್ತದೆ. ಇದರಲ್ಲಿ ಜನ ಎಡವುವ ಜಾಗ ಎರಡಿವೆ. ಯುಐಡಿ, ಜಿಐಡಿ (ಗುಂಪಿನ ಸಂಖ್ಯೆ) ಆಪ್ಷನ್‌ಗಳು ರಾಕ್ ರಿಡ್ಜ್ ಇದ್ದರೂ ಅದನ್ನು ಮೀರುತ್ತವೆ. ಮೋಡ್ (ಫೈಲ್‌ಗಳ ಅನುಮತಿ), ಡಿಮೋಡ್ (ಫೋಲ್ಡರ್‌ಗಳ ಅನುಮತಿ) ಹಾಗಲ್ಲ, ರಾಕ್ ರಿಡ್ಜ್ ಇದ್ದರೆ ಅವು ಲೆಕ್ಕಕ್ಕೇ ಇಲ್ಲ. ಓವರ್‌ರೈಡ್‌ರಾಕ್‌ಪರ್ಮ್ ಸೇರಿಸಿದಾಗ ಮಾತ್ರ ಅವುಗಳ ಮಾತು ನಡೆಯುತ್ತದೆ. 'ಮೋಡ್ ಕೊಟ್ಟೆ, ಕೆಲಸ ಮಾಡಲಿಲ್ಲ' ಎಂದು ಬರೆಯುವ ಹತ್ತರಲ್ಲಿ ಒಂಬತ್ತು ಜನ ಈ ಪದ ಬಿಟ್ಟವರು.

ಎರಡನೆಯದು ಮುಂದಿನ ಸೊನ್ನೆ. 0444 ಅನ್ನುವ ಬದಲು 444 ಎಂದು ಬರೆದರೆ ಕರ್ನಲ್ ಅದನ್ನು ದಶಮಾನ ಸಂಖ್ಯೆ ಎಂದು ಓದುತ್ತದೆ. ದಶಮಾನದ 444 ಅನುಮತಿ ಬರೆಯುವ ಅಷ್ಟಮಾನದಲ್ಲಿ (ಎಂಟರ ಲೆಕ್ಕ) 0674, ಹಾಗಾಗಿ ಎಲ್‌ಎಸ್‌ನಲ್ಲಿ ವಿಚಿತ್ರ ಅನುಮತಿಗಳು ಕಾಣುತ್ತವೆ, ಓದುವುದಕ್ಕೇನೋ ಆಗುತ್ತದೆ. ಡಿಮೋಡ್‌ನಲ್ಲಿ ಇದೇ ತಪ್ಪು ಮಾಡಿದರೆ ಪೆಟ್ಟು ಜೋರು. 555 ಅಂದರೆ 01053, ಕೊನೆಯ ಮೂರು ಅಂಕಿ ಕ್ರಮವಾಗಿ ಮಾಲೀಕ, ಗುಂಪು, ಉಳಿದವರದು; ಮಾಲೀಕನ ಪಾಲಿಗೆ ಸೊನ್ನೆ. ನಿಮ್ಮದೇ ಡಿಸ್ಕಿನ ಫೋಲ್ಡರ್ ಒಳಗೆ ನೀವೇ ಕಾಲಿಡಲಾಗದು, ಪಕ್ಕದ ಲಾಗಿನ್‌ನವರು ಆರಾಮಾಗಿ ಓಡಾಡುತ್ತಾರೆ. ಸಿಎಚ್‌ಮಾಡ್‌ನಲ್ಲಿ ಸೊನ್ನೆ ಇಲ್ಲದೆ ನಡೆಯುತ್ತದಲ್ಲ ಎಂದು ವಾದಿಸಬೇಡಿ, ಅದು ಬೇರೆ ಪ್ರೋಗ್ರಾಂ.

ಅದೇ ಡಿಸ್ಕನ್ನು ಫೈಲ್ ಮ್ಯಾನೇಜರ್‌ನಲ್ಲಿ ಒತ್ತಿದ್ದರೆ ತಕರಾರಿಲ್ಲದೆ ತೆರೆದುಕೊಳ್ಳುತ್ತಿತ್ತು. ಡೆಸ್ಕ್‌ಟಾಪ್ ಬಳಸುವ ಯುಡಿಸ್ಕ್ಸ್ ತಾನೇ ನಿಮ್ಮ ಯುಐಡಿ, ಜಿಐಡಿ ಹಾಕಿ ಮೌಂಟ್ ಮಾಡುತ್ತದೆ, ಆಗ 0700 ಫೋಲ್ಡರ್‌ನ ಮಾಲೀಕರು ನೀವೇ. ಬರೀ ಸುಡೊ ಮೌಂಟ್ ಹೊಡೆದಾಗ ಈ ಉಪಕಾರ ಇರುವುದಿಲ್ಲ.

ಡಿಸ್ಕ್ ಐಎಸ್‌ಓ ಅಲ್ಲದೆ ಯುಡಿಎಫ್ ಎಂಬ ಇನ್ನೊಂದು ಫೈಲ್ ಸಿಸ್ಟಮ್ ಆಗಿದ್ದರೆ -ಟಿ ಯುಡಿಎಫ್ ಎಂದು ಕೊಟ್ಟು ಓವರ್‌ರೈಡ್‌ರಾಕ್‌ಪರ್ಮ್ ತೆಗೆದುಬಿಡಿ. ಅದು ಆ ಡ್ರೈವರ್‌ಗೆ ಗೊತ್ತಿಲ್ಲ, 'ಬ್ಯಾಡ್ ಆಪ್ಷನ್' ಎಂದು ಮೌಂಟೇ ನಿಂತುಹೋಗುತ್ತದೆ. ಅಲ್ಲಿ ಮೋಡ್, ಡಿಮೋಡ್ ನೇರವಾಗಿ ನಡೆಯುತ್ತವೆ. ನೋಸುಯಿಡ್, ನೋಡೆವ್ ಮಾತ್ರ ಎಲ್ಲೂ ಬಿಡಬೇಡಿ. ರಾಕ್ ರಿಡ್ಜ್ ಡಿಸ್ಕಿನಲ್ಲಿ ರೂಟ್ ಹೆಸರಿನ ಸುಯಿಡ್ ಪ್ರೋಗ್ರಾಂ (ಯಾರು ಓಡಿಸಿದರೂ ಮಾಲೀಕನ ಅಧಿಕಾರದಲ್ಲಿ ಓಡುವಂಥದ್ದು) ಇಡಲು ಏನೂ ಅಡ್ಡಿಯಿಲ್ಲ. ಯಾರೋ ಕೊಟ್ಟ ಡಿವಿಡಿಯಿಂದ ನಿಮ್ಮ ಮೆಷಿನ್‌ಗೆ ರೂಟ್ ಸಿಗುವುದು ಬೇಡ.

ಇನ್ನು ಮುಂದೆ ನೀವೇ ಬರೆಯುವಾಗ ಡಿಸ್ಕ್ ಇಮೇಜ್ ತಯಾರಿಸುವ ಜೆನ್‌ಐಸೊಇಮೇಜ್‌ಗೆ ದೊಡ್ಡಕ್ಷರದ -ಆರ್ ಕೊಡದೆ ಚಿಕ್ಕಕ್ಷರದ -ಆರ್ ಕೊಡಿ. ದೊಡ್ಡದು ನಿಮ್ಮ ಯುಐಡಿ, ಅನುಮತಿ ಎಲ್ಲವನ್ನೂ ಇದ್ದ ಹಾಗೇ ಬರೆಯುತ್ತದೆ. ಚಿಕ್ಕದು ಮಾಲೀಕನನ್ನು 0 ಮಾಡಿ, ಎಲ್ಲರಿಗೂ ಓದುವ ಅನುಮತಿ ಕೊಟ್ಟು, ರೈಟ್ ಬಿಟ್‌ಗಳನ್ನು ತೆಗೆದುಹಾಕುತ್ತದೆ. ಬೇರೆಯವರ ಕೈಗೆ ಹೋಗುವ ಡಿಸ್ಕಿಗೆ ಬೇಕಾದದ್ದು ಇದೇ. ಮಾಲೀಕತ್ವ ಉಳಿಯಲೇಬೇಕಾದ ಬ್ಯಾಕಪ್ ಆದರೆ ಟಾರ್ ಮಾಡಿ (ಎಲ್ಲವನ್ನೂ ಒಂದೇ ಫೈಲಾಗಿ ಕಟ್ಟಿ) ಆ ಫೈಲನ್ನೇ ಬರೆಯಿರಿ. ಒಂದೊಂದು ಟಾರ್ 4 ಜಿಬಿಗಿಂತ ಕಡಿಮೆ ಇರುವಂತೆ ಸ್ಪ್ಲಿಟ್ ಮಾಡಿ, ಇಲ್ಲದಿದ್ದರೆ ಐಎಸ್‌ಓ ಇನ್ನೊಂದು ತಲೆನೋವು ತರುತ್ತದೆ.

ಸರಸ್ವತಿಪುರಂನಿಂದ: ನನ್ನ ಲಾಗಿನ್‌ನಲ್ಲಿ ಡಿಸ್ಕ್ ಕಾಣುತ್ತದೆ, ಎನ್‌ಜಿನೆಕ್ಸ್ ವೆಬ್ ಸರ್ವರ್‌ಗೆ ಮಾತ್ರ ಓದಲಾಗುತ್ತಿಲ್ಲ. /ಮೀಡಿಯಾಗೆ 777 ಕೊಡಲೇ?

ಆ ಸಂಖ್ಯೆಯನ್ನು ಮರೆತುಬಿಡಿ. ಯುಡಿಸ್ಕ್ಸ್ ಐಎಸ್‌ಓ ಡಿಸ್ಕನ್ನು ಮೋಡ್=0400, ಡಿಮೋಡ್=0500 ಎಂದು ನಿಮಗೊಬ್ಬರಿಗೇ ತೆರೆಯುತ್ತದೆ. /ಮೀಡಿಯಾದ ಒಳಗೆ ನಿಮ್ಮ ಹೆಸರಿನ ಫೋಲ್ಡರ್ ಮೇಲೂ ಬೇರೆಯವರು ಬಾರದಂತೆ ಎಸಿಎಲ್ (ಯಾರಿಗೆ ಪ್ರವೇಶ ಎಂಬ ಪಟ್ಟಿ) ಇರುತ್ತದೆ. ಅದು ಬೇಕೆಂದೇ ಇಟ್ಟ ರಕ್ಷಣೆ, ಕೆಡವಬೇಡಿ. ಅಲ್ಲಿಂದ ಯುಮೌಂಟ್ ಮಾಡಿ, /ಎಸ್‌ಆರ್‌ವಿ/ಡಿವಿಡಿ ಎಂಬ ಫೋಲ್ಡರ್ ಮೇಲೆ ಸರ್ವರ್ ಗುಂಪಿನ ಜಿಐಡಿ, ಮೋಡ್=0440, ಡಿಮೋಡ್=0550 ಕೊಟ್ಟು ಮೌಂಟ್ ಮಾಡಿ. ರಾಕ್ ರಿಡ್ಜ್ ಆದರೆ ಮೇಲೆ ಹೇಳಿದ ಉದ್ದನೆಯ ಪದವೂ ಬೇಕು.

ಪಾಂಡವಪುರದಿಂದ: ಮದುವೆ ಫೋಟೋ ಡಿಸ್ಕನ್ನು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಕೊಂಡೆ. ಈಗ ಅಲ್ಲಿಯೂ ಡಿಲೀಟ್ ಆಗುತ್ತಿಲ್ಲ. ವೈರಸ್ಸೇ?

ವೈರಸ್ ಅಲ್ಲ. ಸಿಪಿ -ಆರ್ ಡಿಸ್ಕಿನಲ್ಲಿ ಕಂಡ ಅನುಮತಿಯನ್ನೇ ಕಾಪಿಗೂ ಹಾಕುತ್ತದೆ, ಆದ್ದರಿಂದ ಫೋಲ್ಡರ್‌ಗಳು 0555 ಆಗಿ ಕೂತಿವೆ. ಡಿಲೀಟ್ ಮಾಡಲು ರೈಟ್ ಅನುಮತಿ ಬೇಕಿರುವುದು ಫೈಲಿಗಲ್ಲ, ಅದು ಇರುವ ಫೋಲ್ಡರ್‌ಗೆ. ಸಿಎಚ್‌ಮಾಡ್ -ಆರ್ ಯು+ಡಬ್ಲ್ಯು ಸಾಕು (ಇಲ್ಲಿನ ಆರ್ ದೊಡ್ಡಕ್ಷರ). ರೂಟ್ ಆಗಿ ಕಾಪಿ ಮಾಡಿದ್ದರೆ ಮೊದಲು ಸಿಎಚ್‌ಓನ್ ಮಾಡಿ, ಹಾರ್ಡ್ ಡಿಸ್ಕಿನಲ್ಲಿ ಅದು ನಡೆಯುತ್ತದೆ. ರಾಕ್ ರಿಡ್ಜ್ ಇಲ್ಲದ ಡಿಸ್ಕನ್ನು ಬರೀ ಮೌಂಟ್ ಮಾಡಿ ತಂದಿದ್ದರೆ ಫೋಟೋಗಳಿಗೂ ಎಕ್ಸಿಕ್ಯೂಟ್ ಬಿಟ್ ಅಂಟಿರುತ್ತದೆ. ಆಗ ಫೈಂಡ್ ಬಳಸಿ ಫೈಲ್‌ಗಳಿಗೆ 644, ಫೋಲ್ಡರ್‌ಗಳಿಗೆ 755 ಎಂದು ಬೇರೆ ಬೇರೆ ಕೊಡಿ. ಮುಂದಿನ ಸಲ ಸಿಪಿಗೆ --ನೋ-ಪ್ರಿಸರ್ವ್=ಮೋಡ್ ಸೇರಿಸಿದರೆ ಈ ರಗಳೆಯೇ ಇಲ್ಲ.

ಮೌಂಟ್‌ಗಳ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್‌ನಲ್ಲಿ 'ಯೂಸರ್' ಹಾಕಿದ ಮೇಲೆ ಡಿಸ್ಕಿನಲ್ಲಿರುವ ಸ್ಕ್ರಿಪ್ಟ್ ಓಡುತ್ತಿಲ್ಲ.

'ಯೂಸರ್' ಜೊತೆಗೆ ಪ್ರೋಗ್ರಾಂ ಓಡಿಸಲು ಬಿಡದ ನೋಎಕ್ಸೆಕ್ ತಾನಾಗಿ ಬರುತ್ತದೆ. ಓಡಿಸಲೇಬೇಕಿದ್ದರೆ 'ಯೂಸರ್' ಆದ ಮೇಲೆ 'ಎಕ್ಸೆಕ್' ಬರೆಯಿರಿ, ಮೊದಲು ಬರೆದರೆ ದಂಡ.

ಗ್ರಾಹಕರ ದಾಖಲೆಗಳನ್ನು 0600 ಅನುಮತಿ ಕೊಟ್ಟು ಡಿಸ್ಕಿಗೆ ಬರೆದಿದ್ದೇವೆ. ಸುರಕ್ಷಿತ ತಾನೆ?

ಅಲ್ಲವೇ ಅಲ್ಲ. ಡಿಸ್ಕ್ ಯಾರ ಕೈಯಲ್ಲಿದೆಯೋ ಅವರ ಮೆಷಿನ್‌ನಲ್ಲಿ ರೂಟ್ ಅವರೇ. ನೋರಾಕ್ ಎಂಬ ಒಂದು ಆಪ್ಷನ್ ಕೊಟ್ಟು ಮೌಂಟ್ ಮಾಡಿದರೆ ನಿಮ್ಮ 0600 ಮಾಯ. ಸಾದಾ ವಿಂಡೋಸ್ ಮೆಷಿನ್‌ಗೆ ಹಾಕಿದರೆ ಅಷ್ಟೂ ಬೇಕಿಲ್ಲ, ಅದು ರಾಕ್ ರಿಡ್ಜ್ ಕಡೆ ನೋಡುವುದೇ ಇಲ್ಲ. ಜಿಪಿಜಿಯಿಂದ ಎನ್‌ಕ್ರಿಪ್ಟ್ ಮಾಡಿ ಬೇರೆ ಡಿಸ್ಕಿಗೆ ಬರೆಯಿರಿ. ಹಳೆಯದನ್ನು ಇವತ್ತೇ ಮುರಿದುಹಾಕಿ, ರದ್ದಿಯವನಿಗೆ ಹಾಕಬೇಡಿ.

/ಡೆವ್/ಎಸ್‌ಆರ್0ಗೆ 777 ಕೊಟ್ಟರೆ ರೀಬೂಟ್ ಆದ ಮೇಲೆ ಹೋಗಿಬಿಡುತ್ತದೆ.

ಹೋಗಲೇಬೇಕು, ಪ್ರತಿ ಬೂಟ್‌ನಲ್ಲೂ ಅದು ಹೊಸದಾಗಿ ಹುಟ್ಟುತ್ತದೆ. ಡ್ರೈವನ್ನು ನೇರವಾಗಿ ಓದಲು, ಬರೆಯಲು ಸಿಡಿರಾಮ್ ಗುಂಪಿಗೆ ಸೇರಿ: ಯೂಸರ್‌ಮಾಡ್ -ಎಜಿ ಸಿಡಿರಾಮ್, ಆಮೇಲೆ ನಿಮ್ಮ ಲಾಗಿನ್ ಹೆಸರು. ಇಲ್ಲಿ ಎ ಚಿಕ್ಕದು, ಜಿ ದೊಡ್ಡದು. ಎ ಬಿಟ್ಟರೆ ಸುಡೊ ಸೇರಿ ಉಳಿದ ಗುಂಪುಗಳಿಂದೆಲ್ಲ ಹೊರಬೀಳುತ್ತೀರಿ. ಲಾಗ್‌ಔಟ್ ಆಗಿ ಬಂದ ಮೇಲಷ್ಟೇ ಜಾರಿಗೆ ಬರುತ್ತದೆ. ಡಿಸ್ಕಿನೊಳಗಿನ ಫೈಲ್‌ಗಳ ಅನುಮತಿಗೂ ಇದಕ್ಕೂ ಸಂಬಂಧವಿಲ್ಲ.

ಡಿಸ್ಕಿಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ 'ಪರ್ಮಿಷನ್ ಡಿನೈಡ್' ಹೋಗುತ್ತದಂತೆ?

ಹಲ್ಲಿಗೆ ಹಚ್ಚಿ. ಗೀರು ಬಿದ್ದ ಡಿಸ್ಕ್ ಕೊಡುವುದು 'ಇನ್‌ಪುಟ್/ಔಟ್‌ಪುಟ್ ಎರರ್'. ಅದು ಬಂದರೆ ಡಿಡಿರೆಸ್ಕ್ಯೂನಿಂದ ಮೊದಲು ಇಡೀ ಡಿಸ್ಕಿನ ಇಮೇಜ್ ತೆಗೆದುಕೊಳ್ಳಿ, ಬ್ಲಾಕ್ ಅಳತೆ 2048 ಇರಲಿ. ಆಮೇಲೆ ಆ ಇಮೇಜನ್ನೇ ಡಿಸ್ಕಿನಂತೆ ಲೂಪ್ ಮೌಂಟ್ ಮಾಡಿ. ಮೇಲೆ ಹೇಳಿದ ಆಪ್ಷನ್‌ಗಳೆಲ್ಲ ಅದಕ್ಕೂ ಹಾಗೆಯೇ ನಡೆಯುತ್ತವೆ.