ಮುತ್ತಜ್ಜಿಯ ದಂತದ ಭರಣಿ ಹರಾಜಿಗೆ ಹೋಗಬಹುದೇ?

ದಂತದ ಹಳೆಯ ಕೆತ್ತನೆಗಳು, ಅವುಗಳ ಬೆಲೆ ಮತ್ತು ಹರಾಜಿನ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಐದಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಮುತ್ತಜ್ಜಿಯ ಕಾಲದ ಕುಂಕುಮ ಭರಣಿ ಇದೆ. ದಂತದ್ದು ಎಂದು ಅಮ್ಮ ಹೇಳುತ್ತಾರೆ, ಮೂಳೆ ಎಂದು ಚಿಕ್ಕಪ್ಪ. ಕಾದ ಸೂಜಿ ಚುಚ್ಚಿದರೆ ಗೊತ್ತಾಗುತ್ತದಂತೆ. ಚುಚ್ಚಿ ನೋಡಬಹುದೆ?
— ಓದುಗರು, ತೀರ್ಥಹಳ್ಳಿ

ಉತ್ತರ: ಸೂಜಿಯನ್ನು ದಯವಿಟ್ಟು ಬಿಟ್ಟುಬಿಡಿ. ದಂತವಾಗಿದ್ದರೆ ಎಂದಿಗೂ ಹೋಗದ ಕಲೆ ಉಳಿಯುತ್ತದೆ. ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ ಆಗಿದ್ದರೆ ಕೈಯಲ್ಲೇ ಹೊತ್ತಿಕೊಳ್ಳಬಹುದು. ದಂತದ ನಕಲಾಗಿ ಒಂದು ಕಾಲದಲ್ಲಿ ಹಣಿಗೆ, ಕನ್ನಡಿಯ ಹಿಡಿಗಳನ್ನು ಸೆಲ್ಯುಲಾಯ್ಡ್‌ನಲ್ಲೇ ಮಾಡುತ್ತಿದ್ದರು. ಅದನ್ನು ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ. ಗೆರೆಗಳೂ ಇರುತ್ತವೆ, ಆದರೆ ಸ್ಕೇಲ್ ಇಟ್ಟು ಎಳೆದಂತೆ ಒಂದೇ ಅಂತರದಲ್ಲಿ.

ನಿಮಗೆ ಬೇಕಾದದ್ದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಅಂದರೆ ಆಭರಣದ ಅಂಗಡಿಯವರು ಕಣ್ಣಿಗೆ ಹಿಡಿದುಕೊಳ್ಳುವಂಥದ್ದು, ಮತ್ತು ಒಂದು ಟಾರ್ಚ್. ಭರಣಿಯನ್ನು ತಲೆಕೆಳಗು ಮಾಡಿ ಮೊದಲು ತಳ ನೋಡಿ. ಭರಣಿಯನ್ನು ಸಾಮಾನ್ಯವಾಗಿ ದಂತದ ಉದ್ದಕ್ಕೆ ನಿಲ್ಲಿಸಿ ಕಡೆಯುವುದರಿಂದ, ದಂತವನ್ನು ಅಡ್ಡ ಕೊಯ್ದ ಮುಖ ತಳದಲ್ಲಿ ಮತ್ತು ಮುಚ್ಚಳದ ಮೇಲೆ ಸಿಗುತ್ತದೆ. ಆನೆ ದಂತದಲ್ಲಿ ಅಲ್ಲಿ ಎರಡು ದಿಕ್ಕಿನ ಬಾಗಿದ ಗೆರೆಗಳು ಒಂದನ್ನೊಂದು ಹಾದು ಬಲೆಯಂಥ ವಿನ್ಯಾಸ ಮೂಡಿಸುತ್ತವೆ. ಇವನ್ನು ಶ್ರೇಗರ್ ಗೆರೆ ಎನ್ನುತ್ತಾರೆ. ಬದಿಯಲ್ಲಿ ಬಲೆ ಕಾಣುವುದಿಲ್ಲ, ಸಣ್ಣಗೆ ಅಲೆಯಾಡುವ ಉದ್ದ ಗೆರೆಗಳಷ್ಟೆ. ಬದಿಯನ್ನು ಮಾತ್ರ ನೋಡಿ 'ಬಲೆ ಇಲ್ಲ, ದಂತವಲ್ಲ' ಎಂದು ತೀರ್ಮಾನಿಸುವವರು ಬಹಳ ಮಂದಿ.

ಈ ಗೆರೆಗಳು ಸೇರುವ ಕೋನಕ್ಕೂ ಅರ್ಥವಿದೆ. ದಂತದ ಹೊರ ಅಂಚಿನ ಹತ್ತಿರ ಅಳೆದಾಗ ಸರಾಸರಿ 115 ಡಿಗ್ರಿಗಿಂತ ಹೆಚ್ಚಿದ್ದರೆ ಈಗಿನ ಆನೆಯದು, 90ಕ್ಕಿಂತ ಕಡಿಮೆ ಇದ್ದರೆ ಅಳಿದುಹೋದ ಮ್ಯಾಮತ್‌ನದು. ಒಳಭಾಗದಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ.

ಮೂಳೆಯಲ್ಲಿ ಬಲೆ ಇರುವುದಿಲ್ಲ. ರಕ್ತನಾಳ ಹಾಯ್ದ ಸಣ್ಣ ರಂಧ್ರಗಳು ಅಡ್ಡ ಮುಖದಲ್ಲಿ ಕಪ್ಪು ಚುಕ್ಕಿಗಳಾಗಿ, ಉದ್ದಕ್ಕೆ ಗೀರುಗಳಾಗಿ ಕಾಣುತ್ತವೆ. ಕುಂಕುಮ ತುಂಬಿಕೊಂಡಿದ್ದರೆ ಅವು ಕೆಂಪಗಿರುತ್ತವೆ. ಕಾಲಿನ ಮೂಳೆಯ ಗೋಡೆ ತೆಳು, ಹಾಗಾಗಿ ದಪ್ಪನೆಯ ಒಂದೇ ತುಂಡಿನ ವಸ್ತು ಅದರಲ್ಲಿ ಆಗುವುದಿಲ್ಲ, ತುಂಡು ಜೋಡಿಸಬೇಕು.

ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚನ್ನು ಕತ್ತಲಲ್ಲಿ ಹಿಡಿದರೆ ದಂತ ನೀಲಿ ಬೆರೆತ ಬಿಳಿಯಾಗಿ ಬೆಳಗುತ್ತದೆ, ಹಳೆಯ ನಕಲಿ ಪ್ಲಾಸ್ಟಿಕ್ ಸಾಮಾನ್ಯವಾಗಿ ಮಂಕಾಗಿರುತ್ತದೆ. ಆದರೆ ಮೂಳೆಯೂ ದಂತದಂತೆಯೇ ಬೆಳಗುವುದರಿಂದ ಅಮ್ಮ–ಚಿಕ್ಕಪ್ಪನ ವಾದ ಈ ಟಾರ್ಚಿನಿಂದ ಬಗೆಹರಿಯದು. ಅದಕ್ಕೆ ಮಸೂರವೇ ಬೇಕು.

ಹಳದಿ ಬಣ್ಣವನ್ನು ಮಾತ್ರ ವಯಸ್ಸಿನ ಸಾಕ್ಷಿ ಎಂದು ನಂಬಬೇಡಿ. ಚಹಾದ ಡಿಕಾಕ್ಷನ್‌ನಲ್ಲಿ ಅದ್ದಿ ಹೊಸದನ್ನು ಹಳೆಯದಾಗಿ ಕಾಣಿಸುತ್ತಾರೆ. ಕೈ ಸವೆದ ಉಬ್ಬುಗಳಲ್ಲಿ ಬಣ್ಣ ತಿಳಿಯಾಗಿ, ಕೆತ್ತನೆಯ ಸಂದುಗಳಲ್ಲಿ ಗಾಢವಾಗಿ ಇರುವುದು ನಿಜವಾದ ಬಳಕೆಯ ಗುರುತು. ಅದ್ದಿದ ಬಣ್ಣ ಎಲ್ಲ ಕಡೆ ಒಂದೇ ಸಮನಾಗಿದ್ದು ಬಿರುಕುಗಳಲ್ಲಿ ಮಾತ್ರ ಕಂದುಗಟ್ಟುತ್ತದೆ.

ಪ್ರಶ್ನೆ: ತಾತನವರಿಂದ ಬಂದ ದಂತದ ಕೃಷ್ಣನ ವಿಗ್ರಹವಿದೆ, ಸುಮಾರು ಒಂದು ಗೇಣು ಎತ್ತರ. ವಿದೇಶದ ಹರಾಜುಗಳಲ್ಲಿ ಇಂಥದ್ದಕ್ಕೆ ಲಕ್ಷಗಟ್ಟಲೆ ಬರುತ್ತದೆಂದು ಓದಿದೆ. ನೂರು ವರ್ಷ ದಾಟಿದ್ದರೆ ಮಾರಬಹುದಂತೆ, ನಿಜವೆ?
— ಓದುಗರು, ಮೈಸೂರು

ಉತ್ತರ: ನಿಜವಲ್ಲ. ನೂರು ವರ್ಷದ ವಿನಾಯಿತಿ ಬೇರೆ ದೇಶಗಳ ಕಾನೂನಿನ ಮಾತು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಪುರಾತನ ವಸ್ತುವೆಂಬ ವಿನಾಯಿತಿಯೇ ಇಲ್ಲ. 1986ರ ತಿದ್ದುಪಡಿ ಭಾರತದ ಆನೆ ದಂತದ ವ್ಯಾಪಾರವನ್ನು ನಿಲ್ಲಿಸಿತು, 1991ರ ತಿದ್ದುಪಡಿ ಆಮದು ಮಾಡಿದ ಆಫ್ರಿಕದ ದಂತಕ್ಕೂ ಬೀಗ ಹಾಕಿತು. ಮ್ಯಾಮತ್ ದಂತವೂ ದಂತವೇ ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಂಥ ವಸ್ತು ಇಟ್ಟುಕೊಳ್ಳಲು ಅರಣ್ಯ ಇಲಾಖೆ ಕೊಡುವ ಮಾಲೀಕತ್ವ ಪ್ರಮಾಣಪತ್ರ ಇದ್ದವರೂ ಮಾರುವಂತಿಲ್ಲ, ಹರಾಜಿಗಿಡುವಂತಿಲ್ಲ. ಜಾಲತಾಣದಲ್ಲಿ ಚಿತ್ರ ಹಾಕಿ ಬೆಲೆ ಕೇಳುವುದೂ ಮಾರಾಟಕ್ಕೆ ಇಟ್ಟಂತೆಯೇ. ಶಿಕ್ಷೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಹೊರದೇಶಕ್ಕೆ ಕಳಿಸುವ ದಾರಿಯಂತೂ ಎರಡು ಕಡೆಯಿಂದ ಮುಚ್ಚಿದೆ: ವನ್ಯಜೀವಿ ಕಾಯ್ದೆ ಒಂದು, ನೂರು ದಾಟಿದ ಕಲಾಕೃತಿಯನ್ನು ಖಾಸಗಿಯವರು ರಫ್ತು ಮಾಡದಂತೆ ತಡೆಯುವ 1972ರ ಪುರಾತನ ವಸ್ತುಗಳ ಕಾಯ್ದೆ ಇನ್ನೊಂದು. ಆದ್ದರಿಂದ ಕ್ಯಾಟಲಾಗಿನ ಲಕ್ಷಗಳನ್ನು ನಿಮ್ಮ ವಿಗ್ರಹಕ್ಕೆ ಹಚ್ಚಿ ನೋಡಬೇಡಿ.

ಕಾನೂನು ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವಿದೆ. ಏಷ್ಯಾದ ಆನೆಗಳಲ್ಲಿ ಉದ್ದ ದಂತ ಬರುವುದು ಗಂಡಿಗೆ ಮಾತ್ರ. ದಂತಕ್ಕಾಗಿ ಕೊಲ್ಲುತ್ತ ಹೋದರೆ ಹಿಂಡಿನಲ್ಲಿ ಗಂಡೇ ಉಳಿಯುವುದಿಲ್ಲ. 2023ರ ಗಣತಿಯಲ್ಲಿ 6,395 ಆನೆಗಳಿದ್ದ ನಮ್ಮ ರಾಜ್ಯ ಈ ವಿಷಯದಲ್ಲಿ ಸಡಿಲಾಗುವುದು ಸಲ್ಲದು. 'ಹಳೆಯದು' ಎಂಬ ಒಂದು ಕಿಂಡಿ ಬಿಟ್ಟರೆ ಹೊಸ ದಂತವೂ ಅದರಲ್ಲೇ ನುಸುಳುತ್ತದೆ.

ಈಗ ನೀವು ನೋಡಬೇಕಾದದ್ದು ಬೆಲೆಯನ್ನಲ್ಲ, ಕಾಗದವನ್ನು. ತಾತನವರ ಹೆಸರಿನಲ್ಲಿ ಮಾಲೀಕತ್ವ ಪ್ರಮಾಣಪತ್ರ ಇತ್ತೇ? ಹಳೆಯ ಟ್ರಂಕು, ಬ್ಯಾಂಕ್ ಲಾಕರು, ವಿಭಾಗ ಪತ್ರದ ಕಟ್ಟು ಎಲ್ಲ ಹುಡುಕಿ. ಇಂಥ ವಸ್ತು ತಮ್ಮಲ್ಲಿದೆ ಎಂದು ಘೋಷಿಸಲು 2003ರಲ್ಲಿ ಕೇಂದ್ರ ಸರ್ಕಾರ 180 ದಿನಗಳ ಅವಕಾಶ ಕೊಟ್ಟಿತ್ತು. ಆಗ ಅರ್ಜಿ ಹಾಕಿ ಮರೆತ ಮನೆಗಳಿವೆ. ಸ್ವೀಕೃತಿ ಚೀಟಿ ಸಿಕ್ಕರೂ ಅದು ಆಧಾರ.

ಪ್ರಮಾಣಪತ್ರವಿದ್ದ ವಸ್ತು ಉತ್ತರಾಧಿಕಾರದಿಂದ ನಿಮಗೆ ಬಂದಿದ್ದರೆ, ಬಂದ 90 ದಿನಗಳೊಳಗೆ ರಾಜ್ಯ ಅರಣ್ಯ ಇಲಾಖೆಯ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕು. ಅರ್ಜಿಯ ಜೊತೆ ತಾತನವರ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಯಿಲು ಅಥವಾ ವಿಭಾಗ ಪತ್ರ, ಹಳೆಯ ಪ್ರಮಾಣಪತ್ರದ ಪ್ರತಿ ಇಡಿ. ವಿಗ್ರಹದ ನಾಲ್ಕೂ ಬದಿ ಮತ್ತು ತಳದ ಚಿತ್ರಗಳನ್ನು ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಎತ್ತರ, ಅಗಲ ಸೆಂಟಿಮೀಟರಿನಲ್ಲಿ, ತೂಕ ಗ್ರಾಮಿನಲ್ಲಿ, ಬಿರುಕು–ಮುಕ್ಕು ಎಲ್ಲೆಲ್ಲಿ ಎಂಬುದರ ಸಮೇತ ಬರೆಯಿರಿ. 'ದಂತದ ವಿಗ್ರಹ ಒಂದು' ಎಂದಷ್ಟೇ ಬರೆದರೆ ಮುಂದೆ ಮಹಜರಿನ ಹೊತ್ತಿಗೆ ಅದು ಇದೇ ವಿಗ್ರಹವೆಂದು ತೋರಿಸುವುದು ಕಷ್ಟ. ಇನ್ನೊಂದು ರಾಜ್ಯಕ್ಕೆ ಮನೆ ಬದಲಾಯಿಸಿ ವಿಗ್ರಹ ಒಯ್ದರೆ 30 ದಿನಗಳೊಳಗೆ ಅಲ್ಲಿಯ ಪರಿಪಾಲಕರಿಗೆ ತಿಳಿಸಬೇಕು. ಮಗಳ ಮದುವೆಗೆ ಉಡುಗೊರೆ ಕೊಡುವ ಯೋಚನೆಯೂ ಬೇಡ. ಪ್ರಮಾಣಪತ್ರವಿಲ್ಲದವರು ಇಂಥ ವಸ್ತು ಪಡೆಯಲು ಕಾಯ್ದೆ ಒಪ್ಪುವ ದಾರಿ ಉತ್ತರಾಧಿಕಾರ ಒಂದೇ.

ಯಾವ ಕಾಗದವೂ ಇಲ್ಲದಿದ್ದರೆ? ಬಚ್ಚಿಡಬೇಡಿ, ಹೊಳೆಗೆ ಬಿಡಬೇಡಿ, ಸುಡಬೇಡಿ. 2024ರ ಆರಂಭದಲ್ಲಿ ರಾಜ್ಯ ಸರ್ಕಾರ ಇಂಥ ವಸ್ತುಗಳನ್ನು ಒಪ್ಪಿಸಲು ಕೊಟ್ಟಿದ್ದ ಮೂರು ತಿಂಗಳ ಗಡುವು ಮುಗಿದಿದೆ. ವಕೀಲರ ಮೂಲಕ ಲಿಖಿತವಾಗಿ ಅರಣ್ಯ ಇಲಾಖೆಗೆ ತಿಳಿಸಿ, ಸಹಿ–ಮೊಹರು ಇರುವ ಸ್ವೀಕೃತಿ ಪಡೆಯಿರಿ. ಪ್ರಮಾಣಪತ್ರವಿದ್ದು ಇಟ್ಟುಕೊಳ್ಳಲು ಮನಸ್ಸಿಲ್ಲದವರು 2022ರ ತಿದ್ದುಪಡಿಯಂತೆ ಏಳು ಕೆಲಸದ ದಿನಗಳ ಮುಂಚೆ ನೋಟಿಸ್ ಕೊಟ್ಟು ಒಪ್ಪಿಸಬಹುದು. ಪರಿಹಾರ ಸಿಗುವುದಿಲ್ಲ, ವಸ್ತು ಸರ್ಕಾರದ್ದಾಗುತ್ತದೆ.

ಪ್ರಶ್ನೆ: ಇಪ್ಪತ್ತು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇವೆ. ಇಲ್ಲಿಯ ನೆರೆಯ ಹಿರಿಯರೊಬ್ಬರು ತಮ್ಮ ಮನೆತನದ ವಿಶಾಖಪಟ್ಟಣದ ದಂತದ ಪೆಟ್ಟಿಗೆಯನ್ನು ಹರಾಜಿಗೆ ಕೊಡಬೇಕೆಂದಿದ್ದಾರೆ. ಶೇಕಡಾ 10ರ ನಿಯಮದಲ್ಲಿ ಬರುತ್ತದೆಯೆ?
— ಓದುಗರು, ಲೆಸ್ಟರ್

ಉತ್ತರ: ಬರುವುದು ಅನುಮಾನ. ಲೆಕ್ಕ ಹಾಕಿ ನೋಡೋಣ.

ಬ್ರಿಟನ್ನಿನ 2018ರ ದಂತ ಕಾಯ್ದೆ ಜಾರಿಗೆ ಬಂದದ್ದು 2022ರ ಜೂನ್ 6ರಂದು. ದಂತದ ವಸ್ತುವಿನ ವ್ಯವಹಾರವೆಲ್ಲ ಅಲ್ಲಿ ನಿಷಿದ್ಧ. ಉಳಿದಿರುವುದು ಐದು ವಿನಾಯಿತಿ: 1947ರ ಮಾರ್ಚ್ 3ಕ್ಕೆ ಮೊದಲು ಮಾಡಿದ, ಗಾತ್ರದಲ್ಲಿ ಶೇಕಡಾ 10ಕ್ಕಿಂತ ಕಡಿಮೆ ದಂತವಿರುವ ವಸ್ತು, 1975ಕ್ಕೆ ಮೊದಲಿನ, ಶೇಕಡಾ 20ಕ್ಕಿಂತ ಕಡಿಮೆ ದಂತದ ಸಂಗೀತ ವಾದ್ಯ, 1918ಕ್ಕೆ ಮೊದಲಿನ, 320 ಚದರ ಸೆಂಟಿಮೀಟರ್ ಮೀರದ ಕಿರುಭಾವಚಿತ್ರ, ಅರ್ಹ ಮ್ಯೂಸಿಯಂಗಳಿಗೆ ಮಾರಾಟ, ಮತ್ತು 1918ಕ್ಕೆ ಮೊದಲಿನ, ಅಪರೂಪದ ಹಾಗೂ ಮಹತ್ವದ ಕಲಾಕೃತಿ.

ವಿಶಾಖಪಟ್ಟಣದ ಪೆಟ್ಟಿಗೆಯೆಂದರೆ ಗಂಧ, ಬೀಟೆಯಂಥ ಮರದ ಮೇಲೆ ದಂತದ ತೆಳು ಹಲಗೆ ಹೊದಿಸಿ, ಅದರಲ್ಲಿ ಗೀರಿದ ಬಳ್ಳಿ–ಕಟ್ಟಡಗಳ ಚಿತ್ರಕ್ಕೆ ಕಪ್ಪು ಅರಗು ತುಂಬಿದ್ದು. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಇವನ್ನು ಊರಿಗೆ ಒಯ್ಯುತ್ತಿದ್ದರು. 30 × 20 × 15 ಸೆಂಟಿಮೀಟರಿನ, 12 ಮಿಲಿಮೀಟರ್ ದಪ್ಪದ ಮರದ ಪೆಟ್ಟಿಗೆ ಎಂದುಕೊಳ್ಳಿ. ಒಳಗಿನ ಖಾಲಿ ಜಾಗವನ್ನು ಲೆಕ್ಕಕ್ಕೆ ಸೇರಿಸುವಂತಿಲ್ಲ. ಅದನ್ನು ಕಳೆದರೆ ಮರ ಸುಮಾರು 2,880 ಘನ ಸೆಂಟಿಮೀಟರ್. ಹೊರ ಮೈ 2,700 ಚದರ ಸೆಂಟಿಮೀಟರ್. ಅದರ ಮೇಲೆ 2 ಮಿಲಿಮೀಟರ್ ದಂತ ಹೊದಿಸಿದರೆ 540 ಘನ ಸೆಂಟಿಮೀಟರ್. ಒಟ್ಟಿನಲ್ಲಿ ದಂತದ ಪಾಲು ಸುಮಾರು ಶೇಕಡಾ 16 ಆಯಿತು. ಖಾಲಿ ಜಾಗ ಸೇರಿಸಿ ಲೆಕ್ಕ ಹಾಕಿದರೆ ಶೇಕಡಾ 6 ಎಂದು ಬಂದುಬಿಡುತ್ತದೆ. ತಪ್ಪು ನೋಂದಣಿ ಆಗುವುದು ಇಲ್ಲೇ. ದಂತ ಅಂಚಿಗೆ ಮಾತ್ರ ಇದ್ದು ಉಳಿದದ್ದು ಮರವೇ ಆಗಿದ್ದರೆ ಲೆಕ್ಕ ಶೇಕಡಾ 10ರೊಳಗೆ ಬರಬಹುದು. ಪದರದ ದಪ್ಪವನ್ನು ಮುಚ್ಚಳದ ಅಂಚಿನಲ್ಲಿ, ಬೀಗದ ತೂತಿನಲ್ಲಿ ಅಳೆಯಿರಿ.

ಶೇಕಡಾ 10ರೊಳಗಿದ್ದರೆ ಮಾಲೀಕರು 20 ಪೌಂಡ್ ಕಟ್ಟಿ ಆನ್‌ಲೈನ್ ನೋಂದಣಿ ಮಾಡಿಸಬೇಕು. ಮೀರಿದರೆ ಉಳಿಯುವ ದಾರಿ 'ಅಪರೂಪ ಮತ್ತು ಮಹತ್ವ'ದ್ದು. ಅರ್ಜಿ ಶುಲ್ಕ 250 ಪೌಂಡ್, ಮ್ಯೂಸಿಯಂ ತಜ್ಞರ ಪರಿಶೀಲನೆ ಇರುತ್ತದೆ. ಹಳೆಯದು, ಸುಂದರವಾಗಿದೆ ಎಂಬಷ್ಟೇ ಸಾಲದು. ಇದೇ ಬಗೆಯ ವಸ್ತುಗಳಲ್ಲಿ ಇದು ಏಕೆ ಎದ್ದು ಕಾಣುತ್ತದೆ, ಯಾರ ಕೈ ದಾಟಿ ಬಂತು ಎಂಬುದಕ್ಕೆ ಪುರಾವೆ ಬೇಕು: ಹಳೆಯ ಮನೆಯ ಛಾಯಾಚಿತ್ರ, ವಿಮೆಯ ಪಟ್ಟಿ, ಹಿಂದಿನ ಹರಾಜಿನ ರಸೀದಿ. ದುರಸ್ತಿಯಲ್ಲಿ ಹೊಸ ದಂತದ ತುಂಡು ಸೇರಿದ್ದರೆ ಅದು 1975ರ ಜನವರಿ 1ಕ್ಕೆ ಮೊದಲು ತೆಗೆದ ದಂತವಾಗಿರಬೇಕು. ಪದರದ ಜೊತೆ ಆಮೆಚಿಪ್ಪು ಇದ್ದರೆ ಅದಕ್ಕೆ ಬೇರೆಯೇ ನಿಯಮವಿದೆ, ಕೇಳದೆ ಬಿಡಬೇಡಿ.

ಕ್ಯಾಟಲಾಗು ಅಚ್ಚಾಗುವ ಮುಂಚೆಯೇ ಈ ಕಾಗದಗಳು ಕೈಯಲ್ಲಿರಬೇಕು, ಏಕೆಂದರೆ ಮಾರಾಟದ ಜಾಹೀರಾತೂ ಕಾಯ್ದೆಯಡಿ ವ್ಯವಹಾರವೇ. ಕೂಗಿದ ಬೆಲೆಯ ಮೇಲೆ ಕೊಳ್ಳುವವರಿಂದ ಹರಾಜುಗಾರರು ಪಡೆಯುವ ಪ್ರೀಮಿಯಂ ಬೇರೆ, ಅದು ಹಲವು ಕಡೆ ಬೆಲೆಯ ಕಾಲು ಭಾಗದ ಆಸುಪಾಸಿನಲ್ಲಿರುತ್ತದೆ. ಮಾರುವವರಿಂದ ಕಮಿಷನ್ ಇನ್ನೊಂದು. ಈ ಕಮಿಷನ್ ಕಳೆದು ಕೈಗೆಷ್ಟು ಬರುತ್ತದೆಂದು ಆ ಹಿರಿಯರು ಮೊದಲೇ ಕೇಳಿಕೊಳ್ಳಲಿ. ಆ ಪೆಟ್ಟಿಗೆಯನ್ನು ನೀವೇ ಕೊಂಡು ಊರಿಗೆ ತರುವ ಆಸೆ ಇದ್ದರೆ ಕೈಬಿಡಿ. ಮೇಲೆ ಮೈಸೂರಿನ ಓದುಗರಿಗೆ ಹೇಳಿದ ಕಾನೂನು ಬಂದರಿನಲ್ಲೇ ಅದನ್ನು ತಡೆಯುತ್ತದೆ.

ಪ್ರಶ್ನೆ: ಪ್ರಮಾಣಪತ್ರವಿರುವ ದಂತದ ಭರಣಿ, ಪಗಡೆ ದಾಳಗಳಿವೆ. ಮಳೆಗಾಲ ಕಳೆದ ಮೇಲೆ ಬಿರುಕು ಕಂಡಿದೆ, ಕುಂಕುಮದ ಕಲೆಯೂ ಇದೆ. ಹುಣಸೆಹಣ್ಣಿನಲ್ಲಿ ತೊಳೆಯಬಹುದೆ?
— ಓದುಗರು, ಉಡುಪಿ

ಉತ್ತರ: ಹುಣಸೆ, ನಿಂಬೆ, ಅಂಟುವಾಳ, ಬ್ಲೀಚ್ ಯಾವುದೂ ಬೇಡ. ದಂತದ ಹೆಚ್ಚಿನ ಪಾಲು ಕ್ಯಾಲ್ಸಿಯಂ ಬೆರೆತ ಖನಿಜ, ಹುಳಿ ಅದನ್ನು ಕರಗಿಸಿ ಹೊಳಪು ಅಳಿಸುತ್ತದೆ. ಉಳಿದ ಪಾಲು ಕೊಲಾಜೆನ್. ಅದು ತೇವ ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು. ಕರಾವಳಿಯ ಮಳೆಗಾಲದಲ್ಲಿ ಉಬ್ಬಿದ್ದನ್ನು ಒಮ್ಮೆಲೇ ಬಿಸಿಲಿಗೋ ಹವಾನಿಯಂತ್ರಿತ ಕೋಣೆಗೋ ಇಟ್ಟರೆ ಸೀಳುತ್ತದೆ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ.

ಗಾಳಿಯ ತೇವಾಂಶ ಶೇಕಡಾ 45ರಿಂದ 55ರೊಳಗೆ ಇದ್ದರೆ ಒಳ್ಳೆಯದು, ಆದರೆ ಆ ಅಂಕಿಗಿಂತ ಏರಿಳಿತ ನಿಧಾನವಾಗಿರುವುದು ಮುಖ್ಯ. ಬಾಗಿಲು ಬಿಗಿಯಾಗಿ ಕೂರುವ ಗಾಜಿನ ಕಪಾಟಿನಲ್ಲಿ, ಹೊರಗೋಡೆಗೆ ತಾಗದಂತೆ, ದೇವರ ದೀಪದಿಂದ ದೂರ ಇಡಿ. ಒಗೆದು ಗಂಜಿ ತೆಗೆದ ಬಿಳಿ ಹತ್ತಿ ಬಟ್ಟೆ ಸಾಕು. ಬಣ್ಣದ ರೇಷ್ಮೆ ಮತ್ತು ವೆಲ್ವೆಟ್ ಬಣ್ಣ ಬಿಡುತ್ತವೆ, ರಬ್ಬರ್ ಬ್ಯಾಂಡಿನ ಗಂಧಕ ಕಲೆ ಮಾಡುತ್ತದೆ, ತಾಮ್ರದ ಡಬ್ಬಿ ಹಸಿರು ಹಚ್ಚುತ್ತದೆ. ಪೂರ್ತಿ ಕತ್ತಲಲ್ಲಿಟ್ಟರೆ ಹಳದಿ ಹೆಚ್ಚುತ್ತದೆ, ನೇರ ಬಿಸಿಲಿನಲ್ಲಿ ಬಿಳಚಿ ಬಿರಿಯುತ್ತದೆ.

ಧೂಳಿಗೆ ಮೆತ್ತನೆಯ ಚಿತ್ರಕಲೆಯ ಕುಂಚ. ಬಿರುಕು, ಬಣ್ಣ, ಅರಗು ಇಲ್ಲದ ಕಡೆ ಮಾತ್ರ, ಹತ್ತಿಯ ತುದಿಯನ್ನು ಶುದ್ಧ ನೀರಿಗೆ ಅದ್ದಿ ಹಿಂಡಿ, ಬೆರಳಗಲ ಜಾಗ ಒರೆಸಿ ಕೂಡಲೇ ಒಣ ಹತ್ತಿಯಿಂದ ಒತ್ತಿ. ಕುಂಕುಮ ದಂತದ ಸೂಕ್ಷ್ಮ ರಂಧ್ರಗಳಿಗೆ ಇಳಿದಿರುವುದರಿಂದ ಪೂರ್ತಿ ಹೋಗದು. ಒಣ ಕುಂಚದಿಂದ ಪುಡಿ ತೆಗೆದು ಕಲೆಯನ್ನು ಬಿಟ್ಟುಬಿಡಿ, ಅದು ಆ ಭರಣಿಯ ಬಾಳಿನ ಗುರುತು. ಕೊಬ್ಬರಿ ಎಣ್ಣೆ ಸವರಿದರೆ ಬಿರುಕು ಮುಚ್ಚಿದಂತೆ ಕಾಣುತ್ತದೆ, ಆದರೆ ಎಣ್ಣೆ ಒಳಗಿಳಿದು ಕಂದಾಗಿ ಧೂಳು ಹಿಡಿಯುತ್ತದೆ. ತಕ್ಷಣ ಹಿಡಿಯುವ ಅಂಟನ್ನು ಬಿರುಕಿಗೆ ತುಂಬಿದರೆ, ಮುಂದಿನ ಮಳೆಗಾಲದಲ್ಲಿ ಉಬ್ಬಲು ಜಾಗವಿಲ್ಲದೆ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ. ತುಂಡು ಕಳಚಿದರೆ ಕವರಿನಲ್ಲಿ ಹಾಕಿ, ಎಲ್ಲಿಯದು ಎಂದು ಬರೆದಿಡಿ.

ಪ್ರಶ್ನೆ: ಮೈಸೂರಿನ ಬೀಟೆ ಮರದ ಇನ್‌ಲೇ ಚಿತ್ರಫಲಕ ಕೊಂಡೆವು. ಅದರ ಬಿಳಿ ಭಾಗ ದಂತವೆ? ತೊಂದರೆ ಇದೆಯೆ?
— ಓದುಗರು, ಹುಬ್ಬಳ್ಳಿ

ಉತ್ತರ: ಹೊಸದಾಗಿ ಮಾಡಿದ ಫಲಕದಲ್ಲಿ ಬಿಳಿಗೆ ಬಳಸುವುದು ತಿಳಿ ಬಣ್ಣದ ಮರ ಅಥವಾ ಪ್ಲಾಸ್ಟಿಕ್. ಅರಮನೆಯ ಅಂಬಾವಿಲಾಸದ ಬಾಗಿಲಿನಲ್ಲಿ ಕಾಣುವ ದಂತದ ಕೆಲಸ ನಿಷೇಧದ ನಂತರ ನಿಂತಿತು, ಕುಶಲಿಗಳು ಕೈಚಳಕವನ್ನು ಬೇರೆ ಸಾಮಗ್ರಿಗೆ ಹೊಂದಿಸಿಕೊಂಡರು. ಬಿಲ್ಲಿನಲ್ಲಿ ಸಾಮಗ್ರಿಯ ಹೆಸರು ಬರೆಸಿಕೊಂಡು ಫಲಕದ ಹಿಂದೆ ಅಂಟಿಸಿಡಿ. ಆದರೆ ಹಳೆಯ ಸಾಮಾನಿನ ಅಂಗಡಿಯಲ್ಲಿ 'ಅಸಲಿ ದಂತ' ಎಂದು ಪಿಸುಗುಟ್ಟಿ ತೋರಿಸುವ ಹಳೆಯ ಟೀಪಾಯಿಯನ್ನು ಕೊಳ್ಳಬೇಡಿ. ದಂತದ ಒಂದೇ ಒಂದು ಎಲೆ ಕೂರಿಸಿದ್ದರೂ ಇಡೀ ಟೀಪಾಯಿ ಕಾನೂನಿನ ಕಣ್ಣಿಗೆ ವನ್ಯಜೀವಿ ವಸ್ತುವೇ.