ಪ್ರಶ್ನೋತ್ತರ: ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್

ಪ್ರಶ್ನೆ: ಆಧಾರ್‌ನಲ್ಲಿ ನನ್ನ ಹೆಸರು ‘ಮಂಜುನಾಥ್ ಕೆ. ಆರ್.’, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ ಆರ್’. ಅಂಚೆ ಕಚೇರಿಗೆ ಹೋಗಿ ಪಾಸ್‌ಪೋರ್ಟ್ ಅರ್ಜಿ ತುಂಬಿದರೆ ಆಗುತ್ತದೆಯೇ?
— ಓದುಗರು, ತುಮಕೂರು ಜಿಲ್ಲೆ

ಉತ್ತರ: ಅರ್ಜಿ ತುಂಬುವುದು ಅಂಚೆ ಕಚೇರಿಯಲ್ಲಲ್ಲ. ‘ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಗವ್ ಡಾಟ್ ಇನ್’ ಜಾಲತಾಣದಲ್ಲಿ ಅರ್ಜಿ ತುಂಬಿ, 36 ಪುಟಗಳ ಪುಸ್ತಕಕ್ಕೆ 1,500 ರೂಪಾಯಿ ಕಟ್ಟಿ, ದಿನ ಗೊತ್ತುಮಾಡಿಕೊಳ್ಳಬೇಕು. ಇದೇ ಹೆಸರನ್ನು ಹೋಲುವ ನಕಲಿ ತಾಣಗಳಿವೆ. ಕೊನೆಯಲ್ಲಿ ‘ಗವ್ ಡಾಟ್ ಇನ್’ ಇಲ್ಲದಿದ್ದರೆ ಹಣ ಕಟ್ಟಬೇಡಿ. 2017ರ ಜನವರಿಯಲ್ಲಿ ಮೈಸೂರಿನಲ್ಲಿ ಶುರುವಾದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ನಡೆಯುವುದು ಮೂಲ ದಾಖಲೆಗಳ ಪರಿಶೀಲನೆ, ಬೆರಳಚ್ಚು ಮತ್ತು ಫೋಟೊ. ವಯಸ್ಕರು ಫೋಟೊ ಒಯ್ಯಬೇಕಿಲ್ಲ.

ನಿಮ್ಮ ತೊಡಕಿರುವುದು ಹೆಸರಿನಲ್ಲಿ. ಎರಡು ದಾಖಲೆಗಳನ್ನೂ ಪಕ್ಕಪಕ್ಕ ಇಟ್ಟು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿ. ಒಂದರಲ್ಲಿ ಹೆಸರಿನ ಕೊನೆಗೆ ‘ಎ’ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಮಾತಿನಲ್ಲಿ ಗಮನಕ್ಕೇ ಬಾರದ ಈ ಒಂದಕ್ಷರಕ್ಕೆ ಕೌಂಟರಿನಲ್ಲಿ ಅರ್ಜಿ ತಡೆಹಿಡಿಯಬಹುದು. ಜೊತೆಗೆ, ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ‘ಕೆ’ ಊರಿನ ಹೆಸರು, ‘ಆರ್’ ತಂದೆಯ ಹೆಸರು ಎಂದಾದರೆ ಅವೆರಡನ್ನೂ ಬಿಡಿಸಿ ತೋರಿಸುವ ದಾಖಲೆಯೊಂದು ಕೈಯಲ್ಲಿರಲಿ. ಆಧಾರ್ ತಿದ್ದಿಸಿಕೊಂಡರೆ ಒಳ್ಳೆಯದು. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಆದ್ದರಿಂದ ಅಂಕಪಟ್ಟಿಯ ಕಾಗುಣಿತವನ್ನೇ ಇಟ್ಟುಕೊಂಡು ಒಂದೇ ಸಲಕ್ಕೆ ಮುಗಿಸಿ.

ಸರ್‌ನೇಮ್ ಕಾಲಂ ಖಾಲಿ ಬಿಡಲು ಅವಕಾಶವಿದೆ. ನಮ್ಮ ಸಲಹೆ: ಬಿಡಬೇಡಿ. ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿದ್ದವರಿಗೆ ಯುಎಇ 2022ರ ನವೆಂಬರಿನಿಂದ ಪ್ರವಾಸಿ ವೀಸಾಕ್ಕೆ ತಡೆ ಹಾಕಿತು. ತಂದೆಯ ಅಥವಾ ಮನೆತನದ ಹೆಸರು ಎರಡನೇ ಪುಟದಲ್ಲಿದ್ದವರಿಗೆ ಆಮೇಲೆ ವಿನಾಯಿತಿ ಕೊಟ್ಟಿತು. ಬಿಡಿಸಿದ ತಂದೆಯ ಹೆಸರನ್ನು ಸರ್‌ನೇಮ್ ಕಾಲಂನಲ್ಲಿ ಬರೆದರೆ ಈ ಪೇಚಾಟವೇ ಇಲ್ಲ. ಹತ್ತನೇ ತರಗತಿ ಪಾಸಾದ ಅಂಕಪಟ್ಟಿ ತಪ್ಪದೆ ಒಯ್ಯಿರಿ. ಗಲ್ಫ್‌ಗೆ ಕೆಲಸಕ್ಕೆ ಹೋಗುವವರಿಗೆ ವಲಸೆ ತಪಾಸಣೆಯಿಂದ ವಿನಾಯಿತಿ ಸಿಗಲು ಅದು ಸಾಕು.

ಎಂದೋ ಮಾಡಿಸಿದ ಹಳೆಯ ಪಾಸ್‌ಪೋರ್ಟ್ ಇದ್ದರೆ, ಅದರ ಅವಧಿ ಮುಗಿದು ಎಷ್ಟೇ ವರ್ಷವಾಗಿರಲಿ, ‘ಫ್ರೆಶ್’ ಅಲ್ಲ, ‘ರೀ-ಇಶ್ಯೂ’ ಆಯ್ಕೆ ಮಾಡಿ.

ಪ್ರಶ್ನೆ: ಒಂದೂವರೆ ವರ್ಷದ ಮಗುವಿಗೆ ಏನೇನು ಬೇಕು?
— ಓದುಗರು, ಶಿರಸಿ

ಉತ್ತರ: ಮೊದಲು ಜನನ ಪ್ರಮಾಣಪತ್ರ ತೆಗೆದು ಮಗುವಿನ ಹೆಸರಿನ ಜಾಗ ನೋಡಿ. ಹೆರಿಗೆಯಾದ ಕೂಡಲೇ ಪಡೆದ ಪತ್ರದಲ್ಲಿ ಅದು ಎಷ್ಟೋ ಸಲ ಖಾಲಿ ಇರುತ್ತದೆ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರ ಜನ್ಮದಿನಾಂಕಕ್ಕೆ ಇದೊಂದೇ ದಾಖಲೆ ಸಲ್ಲುವುದರಿಂದ, ಜನನ ನೋಂದಣಿಯಾದ ಕಚೇರಿಯಲ್ಲಿ ಹೆಸರು ಸೇರಿಸಿಕೊಂಡೇ ಮುಂದುವರಿಯಿರಿ. ತಂದೆ ತಾಯಿ ಇಬ್ಬರೂ ಸಹಿ ಮಾಡಿದ ‘ಅನೆಕ್ಷರ್ ಡಿ’ ಎಂಬ ಒಪ್ಪಿಗೆಯ ಘೋಷಣಾ ಪತ್ರ ಬೇಕು. ನಾಲ್ಕು ವರ್ಷದೊಳಗಿನ ಮಕ್ಕಳ ಫೋಟೊವನ್ನು ಮಾತ್ರ ನೀವೇ ಒಯ್ಯಬೇಕು: 4.5 × 3.5 ಸೆಂ.ಮೀ., ಬಿಳಿ ಹಿನ್ನೆಲೆ. ಶುಲ್ಕ 1,000 ರೂಪಾಯಿ. ಎಂಟು ವರ್ಷದೊಳಗಿನವರ ಹೊಸ ಅರ್ಜಿಗೆ ಶೇ 10 ರಿಯಾಯಿತಿ ಇರುವುದರಿಂದ 900 ಆಗುತ್ತದೆ. ಅವಧಿ ಐದು ವರ್ಷ.

ಪ್ರಶ್ನೆ: ಬಾಡಿಗೆ ಮನೆಯಲ್ಲಿದ್ದೇವೆ. ಊರಿನ ವಿಳಾಸ ಕೊಡಬಹುದೇ?
— ಓದುಗರು, ಹಾಸನ

ಉತ್ತರ: ಈಗ ವಾಸವಿರುವ ವಿಳಾಸವನ್ನೇ ಕೊಡಿ. ಪೊಲೀಸರು ವಿಚಾರಿಸಲು ಬರುವುದು ಅಲ್ಲಿಗೆ. ಬಂದಾಗ ನೀವು ಸಿಗದಿದ್ದರೆ ವರದಿ ಪ್ರತಿಕೂಲವಾಗಿ ಹೋಗಿ ಕಡತ ನಿಂತುಬಿಡುತ್ತದೆ. ಸ್ಪೀಡ್ ಪೋಸ್ಟ್‌ನಲ್ಲಿ ಪಾಸ್‌ಪೋರ್ಟ್ ಬರುವುದೂ ಅದೇ ವಿಳಾಸಕ್ಕೆ. ಮನೆ ಬದಲಿಸುವ ಯೋಚನೆಯಿದ್ದರೆ ಬದಲಿಸಿ, ಹೊಸ ವಿಳಾಸದ ದಾಖಲೆ ಮಾಡಿಸಿಕೊಂಡ ಮೇಲೆ ಅರ್ಜಿ ಹಾಕಿ. ಕೇಂದ್ರದಲ್ಲಿ ಕೊಡುವ ಸ್ವೀಕೃತಿ ಪತ್ರದ ಫೈಲ್ ನಂಬರ್ ಜೋಪಾನವಾಗಿರಲಿ. ಕಡತ ಎಲ್ಲಿದೆಯೆಂದು ನೋಡಲು ಆ ನಂಬರ್ ಮತ್ತು ಜನ್ಮದಿನಾಂಕ ಸಾಕು.